ಇವೆಲ್ಲಾ ಬೇಕೇ ಬೇಕಾ ಅಣ್ಣಾ? ಬೇಡದ ಚಿಕಿತ್ಸೆ ಬಗ್ಗೆ ಮೆಡಿಕಲ್ ಶಾಪ್ ಕೌಂಟರ್‌ನಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಡಾಕ್ಟರ್ ಅಲ್ಲ. ಡಿ.ಫಾರ್ಮ್ ಓದಿ ದಾವಣಗೆರೆಯಲ್ಲಿ ಮೆಡಿಕಲ್ ಶಾಪ್ ಕೌಂಟರ್ ಹಿಂದೆ ನಿಂತು ಇಪ್ಪತ್ತೆರಡು ವರ್ಷವಾಯಿತು. ನಮ್ಮೂರಿಗೆ ಬೆಣ್ಣೆ ದೋಸೆಗೆ ಬರುವವರಿಗಿಂತ ಆಸ್ಪತ್ರೆಗೆ ಬರುವವರೇ ಜಾಸ್ತಿಯೇನೋ ಅಂತ ಒಮ್ಮೊಮ್ಮೆ ಅನಿಸುತ್ತದೆ. ಎರಡು ಮೆಡಿಕಲ್ ಕಾಲೇಜು, ಚಿಗಟೇರಿ ಜಿಲ್ಲಾಸ್ಪತ್ರೆ, ಹೆಜ್ಜೆಗೊಂದು ನರ್ಸಿಂಗ್ ಹೋಮ್. ಜಗಳೂರು, ಚನ್ನಗಿರಿ, ಹೊನ್ನಾಳಿ, ಹರಪನಹಳ್ಳಿ, ಹೊಳೆಯಾಚೆಯ ರಾಣೆಬೆನ್ನೂರು ಕಡೆಯಿಂದ ಬೆಳಗಿನ ಮೊದಲ ಬಸ್ಸಿಗೇ ಜನ ಬಂದಿಳಿಯುತ್ತಾರೆ. ಡಾಕ್ಟರ ಎದುರು ಸುಮ್ಮನೆ ತಲೆಯಾಡಿಸಿ ಬಂದವರು ನನ್ನ ಕೌಂಟರ್ ಮೇಲೆ ಚೀಟಿ ಇಟ್ಟು, ಸ್ವಲ್ಪ ಬಗ್ಗಿ, ದನಿ ಇಳಿಸಿ ಕೇಳುತ್ತಾರೆ: "ಇವೆಲ್ಲಾ ಬೇಕೇ ಬೇಕಾ ಅಣ್ಣಾ?"

ಆ ಪ್ರಶ್ನೆ ಕೇಳಬೇಕಾಗಿದ್ದು ಒಳಗೆ, ಡಾಕ್ಟರ ಮುಂದೆ. ಅಲ್ಲಿ ಕೇಳಲಿಕ್ಕೆ ಅನುಕೂಲವಾಗಲಿ ಅಂತಲೇ ಇದನ್ನು ಬರೆದಿದ್ದೇನೆ. ಇದನ್ನು ಓದಿ ಯಾರೂ ನಡೆಯುತ್ತಿರುವ ಔಷಧಿ ತಮ್ಮಷ್ಟಕ್ಕೆ ನಿಲ್ಲಿಸಬೇಡಿ. ಬಿಪಿ, ಶುಗರ್, ಫಿಟ್ಸ್, ಟಿಬಿ ಮಾತ್ರೆಯನ್ನಂತೂ ಬಿಡಲೇಬೇಡಿ.

ಬೇಡದ ಚಿಕಿತ್ಸೆ ಅಂದರೆ ಮೋಸ ಅಂತಲಾ?

ಎಲ್ಲಾ ಸಲವೂ ಅಲ್ಲ. ಮಾಡಿಸಿದರೂ ಮಾಡಿಸದಿದ್ದರೂ ಫಲ ಒಂದೇ ಆಗುವುದು, ಇಲ್ಲವೇ ಆಗುವ ಒಳ್ಳೆಯದಕ್ಕಿಂತ ಕೆಡುಕೇ ಜಾಸ್ತಿ ಇರುವುದು, ಇದನ್ನೇ ನಾನು ಬೇಡದ ಚಿಕಿತ್ಸೆ ಅನ್ನುತ್ತೇನೆ. ದುಡ್ಡಿನಾಸೆಗೆ ಮಾಡುವುದೂ ಇದೆ, ಇಲ್ಲ ಅನ್ನುವುದಿಲ್ಲ. ಆದರೆ ನಾನು ಕಂಡಿದ್ದರಲ್ಲಿ ಬಹುಪಾಲಿಗೆ ಕಾರಣ ಬೇರೆ. ರೋಗಿಗೆ ಬರಿಗೈಲಿ ಊರಿಗೆ ಹೋಗಲು ಮನಸ್ಸಿಲ್ಲ, ಡಾಕ್ಟರಿಗೆ ಬರಿಗೈಲಿ ಕಳಿಸಲು ಧೈರ್ಯವಿಲ್ಲ. "ಏನೂ ಬೇಡ, ನಾಲ್ಕು ದಿನ ನೋಡೋಣ" ಅಂದ ಡಾಕ್ಟರನ್ನು ನಾವೇ "ಅವರಿಗೇನೂ ಗೊತ್ತಿಲ್ಲ ಬಿಡು" ಅಂತ ಬಿಟ್ಟು ಪಕ್ಕದ ಕ್ಲಿನಿಕ್ಕಿಗೆ ಹೋಗುತ್ತೇವೆ.

ಜ್ವರ, ಸುಸ್ತು ಇದ್ದಾಗ ಒಂದು ಬಾಟ್ಲಿ ಏರಿಸಿಕೊಂಡರೆ ಶಕ್ತಿ ಬರುತ್ತದಲ್ಲ?

ನಮ್ಮ ಕಡೆ ಅತಿ ಹೆಚ್ಚು ನಡೆಯುವ ಬೇಡದ ಚಿಕಿತ್ಸೆ ಯಾವುದು ಅಂದರೆ ಆಪರೇಷನ್ ಅಲ್ಲ, ಇದೇ ಬಾಟ್ಲಿ. ಬಾಟ್ಲಿಯಲ್ಲಿ ಏನಿರುತ್ತದೆ ಅಂತ ಹೇಳುತ್ತೇನೆ, ನೀವೇ ಲೆಕ್ಕ ಹಾಕಿ. 500 ಎಂ.ಎಲ್. ನಾರ್ಮಲ್ ಸಲೈನ್‌ನಲ್ಲಿ ಇರುವುದು ನೀರು ಮತ್ತು 4.5 ಗ್ರಾಂ ಉಪ್ಪು. ಶೇ 5ರ ಗ್ಲೂಕೋಸ್ ಬಾಟ್ಲಿಯಾದರೆ 25 ಗ್ರಾಂ ಸಕ್ಕರೆ, ಅಂದರೆ ಐದಾರು ಚಮಚ. ಅದರಿಂದ ಬರುವ ಶಕ್ತಿ 100 ಕ್ಯಾಲೊರಿಯೂ ದಾಟುವುದಿಲ್ಲ. ಒಂದು ಬೆಣ್ಣೆ ದೋಸೆ ತಿಂದರೆ ಅದರ ದುಪ್ಪಟ್ಟು ಸಿಗುತ್ತದೆ, ಚಟ್ನಿ ಬೇರೆ.

ಕೆಲವರಿಗೆ ಬಿಳಿ ಬಾಟ್ಲಿ ಸಾಲದು, "ಹಳದಿ ಬಾಟ್ಲಿ"ಯೇ ಬೇಕು. ಆ ಹಳದಿ ಬೇರೇನೂ ಅಲ್ಲ, ಸಲೈನಿಗೆ ಒಂದು ಬಿ-ಕಾಂಪ್ಲೆಕ್ಸ್ ಸೂಜಿಮದ್ದು ಸೇರಿಸಿರುತ್ತಾರೆ, ಅದರ ಬಣ್ಣ. ಹೆಚ್ಚಾದ ವಿಟಮಿನ್ ಸಂಜೆಗೆ ಮೂತ್ರದಲ್ಲಿ ಹಳದಿಯಾಗಿಯೇ ಹೊರಗೆ ಹೋಗುತ್ತದೆ. ಹಾಗಾದರೆ ಏರಿಸಿಕೊಂಡ ಮೇಲೆ ಹಗುರ ಅನಿಸುವುದು ಸುಳ್ಳಾ ಅಂದರೆ, ಸುಳ್ಳಲ್ಲ. ಎರಡು ತಾಸು ಫ್ಯಾನಿನ ಕೆಳಗೆ ಮಲಗಿದ್ದೀರಿ, ಮೈಗೆ ನೀರು ಸೇರಿದೆ, ಜೊತೆಗೆ ಜ್ವರದ್ದೋ ನೋವಿನದೋ ಒಂದು ಇಂಜೆಕ್ಷನ್ ಬಿದ್ದಿದೆ. ಕೆಲವೊಮ್ಮೆ ಅದರಲ್ಲಿ ಸ್ಟೀರಾಯ್ಡ್ ಕೂಡ ಇರುತ್ತದೆ, ಒಂದು ದಿನ ಕುದುರೆ ಹಾಗೆ ಓಡಾಡುತ್ತೀರಿ. ಶುಗರ್ ಇದ್ದವರಿಗೆ ಅದು ಶುಗರ್ ಏರಿಸುತ್ತದೆ, ಒಳಗಿನ ಸೋಂಕನ್ನು ಮುಚ್ಚಿಡುತ್ತದೆ.

ಬಾಯಿಂದ ಕುಡಿಯಲು ಆಗುತ್ತಿದ್ದರೆ ಬಾಯಿಯೇ ಒಳ್ಳೆಯ ದಾರಿ. ಓ.ಆರ್.ಎಸ್. ದೊಡ್ಡ ಪೊಟ್ಟಣವನ್ನು ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಹಾಕಿ. ಪೊಟ್ಟಣ ಇಲ್ಲದಿದ್ದರೆ ಒಂದು ಲೀಟರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ವಾಂತಿ ನಿಲ್ಲದೆ ಏನೂ ಒಳಗೆ ಉಳಿಯುತ್ತಿಲ್ಲ, ಮೂತ್ರ ಕಡಿಮೆಯಾಗಿದೆ, ಪ್ರಜ್ಞೆ ಮಂಕಾಗಿದೆ ಅಂದರೆ ಮಾತ್ರ ಬಾಟ್ಲಿ ಬೇಕು, ಆಗ ಅದು ಜೀವ ಉಳಿಸುತ್ತದೆ. ಹೃದಯ, ಕಿಡ್ನಿ ತೊಂದರೆ ಇರುವ ಅಜ್ಜ ಅಜ್ಜಿಯರಿಗೆ "ಸುಸ್ತು" ಅಂತ ಏರಿಸಿದ ನೀರು ಶ್ವಾಸಕೋಶದಲ್ಲಿ ತುಂಬಿಕೊಂಡು ಉಸಿರಾಟಕ್ಕೇ ಕುತ್ತಾಗಬಹುದು.

ನೆಗಡಿ, ಕೆಮ್ಮಿಗೆ ಆಂಟಿಬಯಾಟಿಕ್ ಬೇಕಾ?

ಸಾಮಾನ್ಯವಾಗಿ ಬೇಡ. ನೆಗಡಿ ವೈರಸ್ಸಿನಿಂದ ಬರುವುದು, ಆಂಟಿಬಯಾಟಿಕ್ ಕೊಲ್ಲುವುದು ಬ್ಯಾಕ್ಟೀರಿಯಾವನ್ನು. ಕೆಮ್ಮು ಎರಡು ಮೂರು ವಾರ ಎಳೆಯುವುದೂ ಮಾಮೂಲು. ಹತ್ತನೇ ದಿನ ಮಾತ್ರೆ ಬದಲಿಸಿ, ಹದಿನೈದನೇ ದಿನ ಕೆಮ್ಮು ನಿಂತರೆ "ಆ ಮಾತ್ರೆಯಿಂದ ನಿಂತಿತು" ಅನ್ನುತ್ತೇವೆ. ಉಸಿರು ಕಟ್ಟಿದರೆ ಡಾಕ್ಟರಿಗೆ ತೋರಿಸಿ. ಕಫದಲ್ಲಿ ರಕ್ತ ಕಂಡರೆ, ಇಲ್ಲವೇ ಮಾಮೂಲು ಕೆಮ್ಮು ಅನಿಸಿದರೂ ಎರಡು ವಾರ ಮೀರಿದರೆ ಕಫ ಪರೀಕ್ಷೆ ಮಾಡಿಸಿ. ಟಿಬಿ ನಮ್ಮಲ್ಲಿ ಇನ್ನೂ ಹೋಗಿಲ್ಲ.

"ರಕ್ತದಲ್ಲಿ ಟೈಫಾಯ್ಡ್ ಸ್ವಲ್ಪ ಐತೆ" ಅಂದರು. ಏನು ಮಾಡಲಿ?

ಈ "ಸ್ವಲ್ಪ ಟೈಫಾಯ್ಡ್" ಅನ್ನುವ ಕಾಯಿಲೆ ಯಾವ ಪುಸ್ತಕದಲ್ಲೂ ಇಲ್ಲ, ನಮ್ಮ ಜಿಲ್ಲೆಯಲ್ಲಿ ಮಾತ್ರ ಮನೆಗೊಬ್ಬರಿಗೆ ಇದೆ! ಇದರ ಮೂಲ ವೈಡಾಲ್ ಅನ್ನುವ ಪರೀಕ್ಷೆ. 1896ರ ಕಾಲದ್ದು. ಇದು ರಕ್ತದಲ್ಲಿ ಟೈಫಾಯ್ಡ್ ರೋಗಾಣುವನ್ನು ಹುಡುಕುವುದಿಲ್ಲ, ಅದರ ವಿರುದ್ಧ ಮೈ ತಯಾರಿಸಿದ ಪ್ರತಿಕಾಯವನ್ನು ಹುಡುಕುತ್ತದೆ. ಯಾವಾಗಲೋ ಬಂದು ಹೋದ ಸೋಂಕು, ಹಾಕಿಸಿಕೊಂಡ ಲಸಿಕೆ, ಟೈಫಾಯ್ಡ್ ಓಡಾಡುವ ಊರಿನಲ್ಲಿ ಬರೀ ಬದುಕಿರುವುದು, ಇಷ್ಟಕ್ಕೇ ಸ್ವಲ್ಪ ಪಾಸಿಟಿವ್ ಬರಬಹುದು.

ಕಳೆದ ಮಳೆಗಾಲದಲ್ಲಿ ಜಗಳೂರು ಕಡೆಯ ಒಬ್ಬ ಹುಡುಗ ರಿಪೋರ್ಟ್ ತಂದು ಕೌಂಟರ್ ಮೇಲೆ ಹರಡಿದ. ವೈಡಾಲ್‌ನಲ್ಲಿ ಅಳೆಯುವ ಎರಡು ಪ್ರತಿಕಾಯಗಳಾದ 'ಓ' ಮುಂದೆ 1:80, 'ಎಚ್' ಮುಂದೆ 1:80, ಅಂದರೆ ಆ "ಸ್ವಲ್ಪ ಪಾಸಿಟಿವ್". ಕೆಳಗೆ ಕೆಂಪು ಪೆನ್ನಿನಲ್ಲಿ ಒಂದು ಸುತ್ತು. ಜ್ವರ ಬಂದು ಎರಡೇ ದಿನ, ಮೂಗು ಸೋರುತ್ತಿತ್ತು. ಐದು ದಿನದ ಸೂಜಿಗೆ ಬರೆದಿದ್ದರು, ದಿನಕ್ಕೆ ಎರಡು. ಜ್ವರ ಬಂದ ಎರಡನೇ ದಿನ ವೈಡಾಲ್ ಮಾಡಿಸುವುದರಲ್ಲಿ ಅರ್ಥವೇ ಇಲ್ಲ, ನಿಜವಾದ ಟೈಫಾಯ್ಡ್ ಇದ್ದರೂ ಪ್ರತಿಕಾಯ ಏರಲು ವಾರ ಬೇಕು. "ಬರೆದವರನ್ನೇ ಕೇಳು, ಇದು ಟೈಫಾಯ್ಡೇ ಅಂತ ಖಾತ್ರಿ ಇದೆಯಾ, ಕಲ್ಚರ್ ಮಾಡಿಸೋಣವಾ ಅಂತ" ಅಂದೆ. ಕಲ್ಚರ್ ಅಂದರೆ ರಕ್ತದಲ್ಲಿ ರೋಗಾಣು ಇದ್ದರೆ ಅದನ್ನೇ ಬೆಳೆಸಿ ನೋಡುವ ಪರೀಕ್ಷೆ. ಹೋಗಿ ಕೇಳಿದ. ಬಂದು ನಕ್ಕ: "ಎರಡು ದಿನ ಬಿಟ್ಟು ಬಾ ಅಂದ್ರು." ಎರಡು ದಿನಕ್ಕೆ ಜ್ವರವೇ ಇರಲಿಲ್ಲ.

ನಿಜವಾದ ಟೈಫಾಯ್ಡ್ ಆಟವಲ್ಲ, ಕರುಳು ತೂತು ಮಾಡುವ ಕಾಯಿಲೆ. ಜ್ವರ ನಾಲ್ಕೈದು ದಿನ ಬಿಡದೆ ಏರುತ್ತಿದ್ದರೆ ಆಂಟಿಬಯಾಟಿಕ್ ಶುರು ಮಾಡುವ ಮೊದಲೇ ಬ್ಲಡ್ ಕಲ್ಚರ್‌ಗೆ ರಕ್ತ ಕೊಡಿ. ಮೊದಲೇ ನಾಲ್ಕು ಮಾತ್ರೆ ನುಂಗಿ ಹೋದರೆ ಕಲ್ಚರ್‌ನಲ್ಲಿ ಏನೂ ಬೆಳೆಯದೆ ಹೋಗಬಹುದು.

ಡೆಂಗಿಯಲ್ಲಿ ಪ್ಲೇಟ್‌ಲೆಟ್ 60 ಸಾವಿರಕ್ಕೆ ಇಳಿದಿದೆ. ಪ್ಲೇಟ್‌ಲೆಟ್ ಹಾಕಿಸಬೇಕಲ್ಲವಾ?

ರಕ್ತಸ್ರಾವ ಇಲ್ಲದಿದ್ದರೆ ಬೇಡ. ಸಾಮಾನ್ಯವಾಗಿ 10 ಸಾವಿರಕ್ಕಿಂತ ಕೆಳಗೆ ಹೋದಾಗ, ಇಲ್ಲವೇ ರಕ್ತಸ್ರಾವ ಇದ್ದಾಗ ಪ್ಲೇಟ್‌ಲೆಟ್ ಹಾಕುವ ಮಾತು ಬರುತ್ತದೆ. ಡೆಂಗಿಯಲ್ಲಿ ಜೀವ ಹೋಗುವುದು ಹೆಚ್ಚಾಗಿ ಪ್ಲೇಟ್‌ಲೆಟ್ ಇಳಿದದ್ದರಿಂದಲ್ಲ, ರಕ್ತನಾಳದಿಂದ ನೀರು ಸೋರಿ ಬಿಪಿ ಬಿದ್ದು. ಮೋಸ ಏನೆಂದರೆ ಅದು ಜ್ವರ ಬಿಟ್ಟ ಮೇಲಿನ ಒಂದೆರಡು ದಿನದಲ್ಲಿ ಆಗುತ್ತದೆ. ಮನೆಯವರು "ಜ್ವರ ಬಿಡ್ತಲ್ಲ" ಅಂತ ಸಮಾಧಾನವಾಗಿರುತ್ತಾರೆ. ಆಗ ಹೊಟ್ಟೆ ಜೋರಾಗಿ ನೋಯುತ್ತದೆ, ವಾಂತಿ ನಿಲ್ಲುತ್ತಿಲ್ಲ, ವಸಡಲ್ಲಿ ರಕ್ತ, ಕೈಕಾಲು ತಣ್ಣಗೆ, ತೂಕಡಿಕೆ ಅಂದರೆ ತಕ್ಷಣ ಆಸ್ಪತ್ರೆ. ಪ್ಲೇಟ್‌ಲೆಟ್ ಎಷ್ಟು ಅಂತ ದಿನಕ್ಕೆ ಎರಡು ಸಲ ಲ್ಯಾಬಿಗೆ ಓಡುವ ಬದಲು ದಿನಕ್ಕೆ ಎಷ್ಟು ಸಲ ಮೂತ್ರ ಹೋಯಿತು ಅಂತ ಬರೆದಿಡಿ. ಜ್ವರಕ್ಕೆ ಪ್ಯಾರಾಸಿಟಮಾಲ್ ಬಿಟ್ಟು ಬೇರೆ ನೋವಿನ ಮಾತ್ರೆ ಕೇಳಬೇಡಿ, ನಾನಂತೂ ಕೊಡುವುದಿಲ್ಲ.

ಟೆಸ್ಟಿನ ದುಡ್ಡು ಕೇಳುವವರಿಗೆ: 2024ರ ಜುಲೈನಲ್ಲಿ ರಾಜ್ಯ ಸರ್ಕಾರ ಖಾಸಗಿಯವರಿಗೂ ಅನ್ವಯಿಸುವಂತೆ ಡೆಂಗಿ ಪತ್ತೆಯ ಎರಡು ರಕ್ತ ಪರೀಕ್ಷೆಗಳಾದ ಎನ್‌ಎಸ್1 ಎಲಿಸಾಗೆ 300 ರೂ., ಐಜಿಎಂ ಎಲಿಸಾಗೆ 300 ರೂ. ಮಿತಿ ಹಾಕಿತ್ತು.

ಸೊಂಟನೋವಿಗೆ ಎಂಆರ್‌ಐ ಮಾಡಿಸಿದೆ. ಡಿಸ್ಕ್ ಸವೆದಿದೆ, ಉಬ್ಬಿದೆ ಅಂತ ಬಂದಿದೆ. ಆಪರೇಷನ್ನಾ?

ತಲೆಗೂದಲು ನರೆತ ಹಾಗೆ ಡಿಸ್ಕೂ ಸವೆಯುತ್ತದೆ. ನೋವೇ ಇಲ್ಲದ ಜನರ ಎಂಆರ್‌ಐ, ಸ್ಕ್ಯಾನಿಂಗ್‌ಗಳನ್ನು ಒಟ್ಟು ಹಾಕಿ ನೋಡಿದ ಒಂದು ಅಧ್ಯಯನ 2015ರಲ್ಲಿ ಬಂತು. 20ರ ವಯಸ್ಸಿನವರಲ್ಲೇ ನೂರಕ್ಕೆ 37 ಮಂದಿಗೆ ಡಿಸ್ಕ್ ಸವೆತ ಇತ್ತು, 80ರವರಲ್ಲಿ 96 ಮಂದಿಗೆ. ಅಂದರೆ ನಿಮ್ಮ ಊರಿನ ಕಟ್ಟೆ ಮೇಲೆ ಕೂತವರನ್ನೆಲ್ಲಾ ಸ್ಕ್ಯಾನಿಂಗ್‌ಗೆ ಕಳಿಸಿದರೆ ಬಹುಮಂದಿಗೆ ಇದೇ ರಿಪೋರ್ಟ್ ಬರುತ್ತದೆ. ಸೊಂಟನೋವು ಬಹುಪಾಲು ಆರು ವಾರದೊಳಗೆ ತಾನೇ ಇಳಿಯುತ್ತದೆ, ಓಡಾಡಿಕೊಂಡಿರಬೇಕು ಅಷ್ಟೆ. ಕಾಲಿನ ಬಲ ಹೋಗುತ್ತಿದೆ, ಮಲಮೂತ್ರದ ಹತೋಟಿ ತಪ್ಪಿದೆ, ಕೂರುವ ಜಾಗ ಜೋಮು ಹಿಡಿದಿದೆ, ಜೊತೆಗೆ ಜ್ವರ ಇದೆ, ಹಿಂದೆ ಕ್ಯಾನ್ಸರ್ ಇತ್ತು ಅಂದರೆ ಮಾತು ಬೇರೆ. ಆಗ ಒಂದು ದಿನವೂ ಕಾಯಬಾರದು.

ಗರ್ಭಕೋಶ ತೆಗೆಸಿಬಿಡಿ, ಇಲ್ಲದಿದ್ದರೆ ಕ್ಯಾನ್ಸರ್ ಆಗುತ್ತದೆ ಅಂದರು. ನಿಜಾನಾ?

ಈ ಪ್ರಶ್ನೆ ನಮ್ಮ ಮನೆಗೇ ಬಂದಿತ್ತು. ಅತ್ತಿಗೆಗೆ ಆಗ 36 ವರ್ಷ. ಮುಟ್ಟಿನಲ್ಲಿ ಜಾಸ್ತಿ ಹೋಗುತ್ತಿತ್ತು, ನಡುವೆ ಬಿಳಿ ಸೆರಗು. ಒಂದು ಕಡೆ ತೋರಿಸಿದರು, ಸ್ಕ್ಯಾನಿಂಗ್‌ನಲ್ಲಿ "ಬಲ್ಕಿ ಯೂಟರಸ್, ಸಣ್ಣ ಫೈಬ್ರಾಯ್ಡ್" ಅಂತ ಬಂತು, ಅಂದರೆ ಗರ್ಭಕೋಶ ದಪ್ಪಗಾಗಿದೆ, ಒಂದು ಸಣ್ಣ ಗಡ್ಡೆ ಇದೆ ಅಂತ. "ಮಕ್ಕಳಾಗಿವೆಯಲ್ಲ, ಇನ್ಯಾಕೆ ಇಟ್ಕೋತೀರಿ? ಮುಂದೆ ಕ್ಯಾನ್ಸರಿಗೆ ತಿರುಗುತ್ತೆ, ಸೋಮವಾರ ಅಡ್ಮಿಟ್ ಆಗಿ" ಅಂದರಂತೆ. ಅಣ್ಣ ಅಡಿಕೆ ಮಾರಿದ ದುಡ್ಡು ಎತ್ತಿಡಲು ಶುರು ಮಾಡಿದ್ದ. ಅತ್ತಿಗೆ ನನ್ನ ಹತ್ತಿರ ಕೇಳಿದ್ದು ಒಂದೇ ಮಾತು: "ಅದನ್ನ ತೆಗೆದ್ರೆ ಸೊಂಟ ಬಿದ್ದೋಗುತ್ತೆ ಅಂತಾರೆ, ಹೌದೇನಪ್ಪಾ?"

ನನಗೂ ಪೂರ್ತಿ ಗೊತ್ತಿರಲಿಲ್ಲ. ಜಿಲ್ಲಾಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ಚೀಟಿ ಮಾಡಿಸಿ ಬೆಳಗ್ಗೆಯಿಂದ ಸರದಿಯಲ್ಲಿ ನಿಂತೆವು. ಅಲ್ಲಿನ ಡಾಕ್ಟರಮ್ಮ ರಿಪೋರ್ಟ್ ನೋಡುವ ಮೊದಲು ಅತ್ತಿಗೆಯ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರು, ಆಮೇಲೆ ಹಿಮೋಗ್ಲೋಬಿನ್ ಬರೆದರು. 8 ಇತ್ತು. ಗರ್ಭಕೋಶದ ಬಾಯಿಯ ಕ್ಯಾನ್ಸರ್ ಪತ್ತೆಗೆ ಪ್ಯಾಪ್ ಪರೀಕ್ಷೆ ಮಾಡಿದರು, ನಾರ್ಮಲ್ ಬಂತು. ಸೋಂಕಿಗೆ ಒಂದು ಕೋರ್ಸ್ ಮಾತ್ರೆ, ರಕ್ತ ಹೆಚ್ಚಲು ಕಬ್ಬಿಣದ ಮಾತ್ರೆ, ಮುಟ್ಟಿನ ದಿನಗಳಲ್ಲಿ ರಕ್ತ ಕಡಿಮೆ ಮಾಡುವ ಟ್ರಾನೆಕ್ಸಾಮಿಕ್ ಆಸಿಡ್. ಇದರಿಂದ ಆಗದಿದ್ದರೆ ಹಾರ್ಮೋನ್ ಇರುವ ಕಾಪರ್-ಟಿ ತರಹದ್ದು ಹಾಕೋಣ, ಅದೂ ಆಗದಿದ್ದರೆ ಆಪರೇಷನ್ ಮಾತು ಅಂದರು. ಆಪರೇಷನ್ ತನಕ ಹೋಗಲೇ ಇಲ್ಲ. ಅತ್ತಿಗೆ ಈಗ 47. ಈಗಲೂ ನನ್ನನ್ನು ಕಂಡರೆ ಮೊದಲು ಕೇಳುವುದು "ಕಾಫಿ ಕುಡಿತೀಯಾ" ಅಂತ, ಗರ್ಭಕೋಶದ ಮಾತು ನಮ್ಮಲ್ಲಿ ಯಾರೂ ಎತ್ತುವುದಿಲ್ಲ.

ಸಾಮಾನ್ಯ ಫೈಬ್ರಾಯ್ಡ್ ಗಡ್ಡೆ ಕ್ಯಾನ್ಸರ್ ಆಗುವುದು ತೀರಾ ಅಪರೂಪ. ಬಿಳಿ ಸೆರಗಿಗೆ ಗರ್ಭಕೋಶ ತೆಗೆಯುವುದು ಇಲಿ ಬಂತು ಅಂತ ಮನೆ ಸುಟ್ಟ ಹಾಗೆ. ಚಿಕ್ಕ ವಯಸ್ಸಿಗೆ ಗರ್ಭಕೋಶದ ಜೊತೆ ಅಂಡಾಶಯವನ್ನೂ ತೆಗೆದರೆ ಮುಟ್ಟು ನಿಲ್ಲುವ ಕಾಟವೆಲ್ಲಾ ಒಂದೇ ಸಲಕ್ಕೆ ಬರುತ್ತದೆ, ಮೂಳೆ ಸವೆಯುತ್ತದೆ, ಹೃದ್ರೋಗದ ಅಪಾಯ ಏರುತ್ತದೆ. ಅಂಡಾಶಯ ಉಳಿಸಿದರೂ ಅದು ಬೇಗ ಸೋಲಬಹುದು. ಅತ್ತಿಗೆಯ "ಸೊಂಟ ಬೀಳುತ್ತೆ" ಅನ್ನುವ ಮಾತಿನಲ್ಲಿ ಸತ್ಯ ಇಲ್ಲದೇ ಇರಲಿಲ್ಲ.

ಕಲಬುರಗಿ ಜಿಲ್ಲೆಯ ತಾಂಡಾಗಳ ಹೆಣ್ಣುಮಕ್ಕಳು 2015ರ ಹೊತ್ತಿಗೆ ಇದೇ ವಿಷಯಕ್ಕೆ ಬೀದಿಗಿಳಿದಿದ್ದರು. ಹೊಟ್ಟೆನೋವು ಅಂತ ಹೋದವರ ಗರ್ಭಕೋಶವನ್ನೇ ತೆಗೆದಿದ್ದಾರೆ ಅನ್ನುವುದು ಅವರ ದೂರು. ಬಿಹಾರ, ಛತ್ತೀಸಗಡ, ರಾಜಸ್ಥಾನದಲ್ಲಿ ನಡೆದ ಇಂಥ ಆಪರೇಷನ್‌ಗಳ ಮೇಲಿನ ಅರ್ಜಿಯಲ್ಲಿ ಸುಪ್ರೀಂ ಕೋರ್ಟ್ 2023ರ ಏಪ್ರಿಲ್‌ನಲ್ಲಿ ಆದೇಶ ಕೊಟ್ಟಿತು. ಬೇಡದ ಗರ್ಭಕೋಶ ಆಪರೇಷನ್ ತಡೆಯಲು ಕೇಂದ್ರ 2022ರಲ್ಲಿ ಮಾಡಿದ ಮಾರ್ಗಸೂಚಿಯನ್ನು ಎಲ್ಲಾ ರಾಜ್ಯಗಳೂ ಮೂರು ತಿಂಗಳಲ್ಲಿ ಜಾರಿಗೆ ತರಬೇಕು ಅಂತ. ಕ್ಯಾನ್ಸರ್ ಖಚಿತವಾಗಿದ್ದರೆ, ಏನು ಮಾಡಿದರೂ ನಿಲ್ಲದ ರಕ್ತಸ್ರಾವ ಇದ್ದರೆ, ಗರ್ಭಕೋಶ ಪೂರ್ತಿ ಜಾರಿದ್ದರೆ ಈ ಆಪರೇಷನ್ ಬೇಕಾಗುತ್ತದೆ. ಆಗ ಹೆದರಿ ಹಿಂದೆ ಸರಿಯಬೇಡಿ.

ಸಹಿ ಹಾಕಿಸಿಕೊಂಡರು, ಆಮೇಲೆ ಒಳಗೆ ಬೇರೆಯದೇ ಮಾಡಿದರು. ಹಾಗೆ ಮಾಡಬಹುದಾ?

ಮಾಡುವ ಹಾಗಿಲ್ಲ. ಪರೀಕ್ಷೆಗೆ ಅಂತ ಕೊಟ್ಟ ಒಪ್ಪಿಗೆ ಚಿಕಿತ್ಸೆಗೂ ಒಪ್ಪಿಗೆ ಆಗುವುದಿಲ್ಲ ಅಂತ ಸುಪ್ರೀಂ ಕೋರ್ಟ್ 2008ರಲ್ಲೇ ಹೇಳಿದೆ. ಆ ಕೇಸಿನಲ್ಲಿ ದುರ್ಬೀನಿನಿಂದ ನೋಡುತ್ತೇವೆ ಅಂತ ಮಲಗಿಸಿದ 44ರ ಹೆಂಗಸಿನ ಗರ್ಭಕೋಶ, ಅಂಡಾಶಯ ಎರಡನ್ನೂ ತೆಗೆದಿದ್ದರು. ಆ ಕ್ಷಣಕ್ಕೆ ಮಾಡದಿದ್ದರೆ ಜೀವಕ್ಕೇ ಅಪಾಯ ಅನ್ನುವ ಸಂದರ್ಭ ಮಾತ್ರ ಇದಕ್ಕೆ ಹೊರತು. ಖಾಲಿ ಬಿಟ್ಟ ಫಾರಂಗೆ ಸಹಿ ಹಾಕಬೇಡಿ. ಇಂಗ್ಲಿಷಿನಲ್ಲಿದ್ದರೆ "ಕನ್ನಡದಲ್ಲಿ ಓದಿ ಹೇಳಿ ಮೇಡಂ" ಅನ್ನಿ.

ಸಿಸೇರಿಯನ್ ಯಾಕೆ ಇಷ್ಟೊಂದು?

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ದೇಶದಲ್ಲಿ ಶೇ 21.5, ಕರ್ನಾಟಕದಲ್ಲಿ ಶೇ 31.5 ಹೆರಿಗೆ ಸಿಸೇರಿಯನ್. ದೇಶದ ಲೆಕ್ಕದಲ್ಲಿ ಸರ್ಕಾರಿ ಆಸ್ಪತ್ರೆಯಲ್ಲಿ ಶೇ 14.3, ಖಾಸಗಿಯಲ್ಲಿ ಶೇ 47.4. ಹೆಣ್ಣಿನ ದೇಹ ಎರಡೂ ಕಡೆ ಒಂದೇ ಅಲ್ಲವೇ? ಕಷ್ಟದ ಹೆರಿಗೆಗಳು ದೊಡ್ಡ ಆಸ್ಪತ್ರೆಗೆ ಹೋಗುತ್ತವೆ ಅನ್ನುವುದು ನಿಜ, ಆದರೆ ಅಷ್ಟರಿಂದಲೇ ಮೂರು ಪಟ್ಟು ಆಗುವುದಿಲ್ಲ.

ನಾವೂ ಕಡಿಮೆ ಇಲ್ಲ. ಪಂಚಾಂಗ ನೋಡಿ, ಒಳ್ಳೆ ನಕ್ಷತ್ರ, ರಾಹುಕಾಲ ಬಿಟ್ಟು ಟೈಮ್ ಬರೆದುಕೊಂಡು ಹೋಗಿ "ಈ ಹೊತ್ತಿಗೆ ತೆಗೀರಿ" ಅನ್ನುವ ಅಜ್ಜಂದಿರನ್ನು ನಾನೇ ಕಂಡಿದ್ದೇನೆ. ಹೆದರಿಸುವ ಮಾತುಗಳಲ್ಲಿ ಒಂದು "ಕರುಳುಬಳ್ಳಿ ಕುತ್ತಿಗೆಗೆ ಸುತ್ಕೊಂಡಿದೆ" ಅನ್ನುವುದು. ನಾಲ್ಕೈದು ಕೂಸಿನಲ್ಲಿ ಒಂದಕ್ಕೆ ಹಾಗೆ ಸುತ್ತಿರುತ್ತದೆ, ಬಹುಪಾಲು ಸುಸೂತ್ರವಾಗಿ ಹುಟ್ಟುತ್ತವೆ. ಸುತ್ತಿದೆ ಅನ್ನುವುದಕ್ಕಿಂತ ಕೂಸಿನ ಎದೆಬಡಿತ ಹೇಗಿದೆ ಅನ್ನುವುದು ಮುಖ್ಯ, ಅದನ್ನೇ ಕೇಳಿ. ಬಡಿತ ಇಳಿಯುತ್ತಿದೆ, ಮಾಸು ಕೆಳಗಿದೆ, ಕೂಸು ಅಡ್ಡ ಇದೆ ಅಂತ ಡಾಕ್ಟರ್ ಹೇಳಿದಾಗ ವಾದ ಮಾಡುತ್ತಾ ನಿಲ್ಲಬೇಡಿ, ಸಹಿ ಹಾಕಿ.

ಹಾರ್ಟಲ್ಲಿ ಬ್ಲಾಕ್ ಇದೆ, ಇವತ್ತೇ ಸ್ಟೆಂಟ್ ಹಾಕಬೇಕು ಅಂದರು.

ಸ್ಟೆಂಟ್ ಅಂದರೆ ಕಟ್ಟಿದ ನಾಳವನ್ನು ತೆರೆದಿಡುವ ಸಣ್ಣ ಜಾಲರಿ ಕೊಳವೆ. ಮೊದಲು ಒಂದು ವಿಷಯ ತಿಳಿಯಿರಿ: ಹಾರ್ಟ್ ಅಟ್ಯಾಕ್ ಆಗಿದೆಯಾ ಅಥವಾ ಆಗಿಲ್ಲವಾ? ಆಗಿದ್ದರೆ ಇವತ್ತೇ ಅಲ್ಲ, ಈ ಗಳಿಗೆಯೇ. ಎದೆ ಹಿಂಡಿದ ಹಾಗೆ, ಎಡಗೈಗೆ ದವಡೆಗೆ ಹರಿಯುವ ನೋವು, ಬೆವರು ಬಂದರೆ ಗ್ಯಾಸ್ಟ್ರಿಕ್ ಅಂತ ಸೋಡಾ ಕುಡಿದು ಕೂರಬೇಡಿ. ಹತ್ತಿರದ ತಾಲೂಕು ಆಸ್ಪತ್ರೆಯಲ್ಲೇ ಇಸಿಜಿ ತೆಗೆಸಿ. ರಾಜ್ಯದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲೂಕು ಮಟ್ಟದಲ್ಲೇ ಇಸಿಜಿ ನೋಡಿ, ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಉಚಿತವಾಗಿ ಕೊಡುವ ವ್ಯವಸ್ಥೆ ಮಾಡಿದ್ದಾರೆ.

ಅಟ್ಯಾಕ್ ಆಗಿಲ್ಲ, ಮೆಟ್ಟಿಲು ಹತ್ತಿದಾಗ ಎದೆ ಬಿಗಿಯುತ್ತದೆ, ಕೂತರೆ ಹೋಗುತ್ತದೆ, ತಿಂಗಳಿಂದ ಹೀಗೇ ಇದೆ ಅಂದರೆ ಸಾಮಾನ್ಯವಾಗಿ ಯೋಚಿಸಲು ಸಮಯ ಇರುತ್ತದೆ. 2020ರಲ್ಲಿ ಪ್ರಕಟವಾದ ಇಸ್ಕೀಮಿಯಾ ಅಧ್ಯಯನ 5,179 ರೋಗಿಗಳ ಮೇಲೆ ನಡೆದಿತ್ತು. ಇಂಥ ಸ್ಥಿರವಾದ ತೊಂದರೆ ಇದ್ದವರಲ್ಲಿ ಮೊದಲೇ ಸ್ಟೆಂಟ್ ಅಥವಾ ಬೈಪಾಸ್ ಮಾಡಿಸಿದವರಿಗೂ, ಒಳ್ಳೆಯ ಔಷಧಿಯಿಂದ ಶುರು ಮಾಡಿದವರಿಗೂ ಸಾವಿನಲ್ಲಿ ವ್ಯತ್ಯಾಸ ಕಾಣಲಿಲ್ಲ. ಎದೆನೋವು ಮಾತ್ರ ಸ್ಟೆಂಟ್ ಅಥವಾ ಬೈಪಾಸ್ ಮಾಡಿಸಿದವರಲ್ಲಿ ಇನ್ನಷ್ಟು ಇಳಿಯಿತು. ಎಡಗಡೆಯ ಮುಖ್ಯ ನಾಳವೇ ಕಟ್ಟಿದವರನ್ನು, ಹೃದಯ ತೀರಾ ಸೋತವರನ್ನು ಆ ಅಧ್ಯಯನಕ್ಕೆ ಸೇರಿಸಿರಲಿಲ್ಲ, ಅವರ ಲೆಕ್ಕ ಬೇರೆ. ಆಂಜಿಯೋಗ್ರಾಂ ಟೇಬಲ್ ಮೇಲೆ ರೋಗಿ ಮಲಗಿರುವಾಗ ಹೊರಗೆ ಬಂದು "ಹತ್ತು ನಿಮಿಷದಲ್ಲಿ ಹೇಳಿ" ಅನ್ನುತ್ತಾರಲ್ಲ, ಆಗ ಕೇಳಬೇಕಾದ್ದು "ಈಗ ಅಟ್ಯಾಕ್ ಇದೆಯಾ ಸಾರ್? ಸಿ.ಡಿ. ಕೊಡಿ, ಎರಡು ದಿನದಲ್ಲಿ ಬರ್ತೀವಿ ಅಂದ್ರೆ ಅಪಾಯ ಇದೆಯಾ?" ಅಂತ.

ಸ್ಟೆಂಟ್ ಬೆಲೆಗೆ 2017ರ ಫೆಬ್ರುವರಿಯಲ್ಲಿ ಕೇಂದ್ರ ಮಿತಿ ಹಾಕಿತು, ಔಷಧಿ ಲೇಪಿತ ಸ್ಟೆಂಟಿಗೆ ಆಗ 29,600 ರೂ. ಅದಕ್ಕೂ ಮೊದಲು ಲಕ್ಷ ದಾಟುತ್ತಿತ್ತು. ಮಿತಿ ಆಗಾಗ ಬದಲಾಗುತ್ತದೆ, ಬಿಲ್ಲಿನಲ್ಲಿ ಸ್ಟೆಂಟಿನ ಹೆಸರು, ಬೆಲೆ ಬೇರೆಯಾಗಿ ಬರೆಸಿಕೊಳ್ಳಿ.

ವರ್ಷಕ್ಕೊಮ್ಮೆ ಫುಲ್ ಬಾಡಿ ಚೆಕಪ್ ಒಳ್ಳೆಯದಲ್ಲವಾ?

2021ರ ಅಕ್ಟೋಬರ್‌ನಲ್ಲಿ ಅಪ್ಪು ಹೋದ ಮೇಲಿನ ವಾರ ನೆನಪಿದೆಯಾ? ಇಡೀ ರಾಜ್ಯವೇ ಎದೆ ಹಿಡಿದುಕೊಂಡು ಇಸಿಜಿಗೆ ಸಾಲುಗಟ್ಟಿತ್ತು. ಆ ಹೆದರಿಕೆ ಅರ್ಥವಾಗುತ್ತದೆ. ಆದರೆ ಎಪ್ಪತ್ತು ಟೆಸ್ಟ್ ಒಟ್ಟಿಗೆ ಮಾಡಿದರೆ ಪೂರ್ತಿ ಆರೋಗ್ಯವಂತನಿಗೂ ಮೂರ್ನಾಲ್ಕು ದಪ್ಪಕ್ಷರದಲ್ಲಿ ಬರುತ್ತವೆ. ನಾರ್ಮಲ್ ಅಂತ ಗೆರೆ ಎಳೆಯುವುದೇ ಹಾಗೆ, ನೂರು ಆರೋಗ್ಯವಂತರಲ್ಲಿ ಐದು ಮಂದಿ ಗೆರೆಯ ಹೊರಗೆ ಬೀಳುತ್ತಾರೆ. ಆ ದಪ್ಪಕ್ಷರದ ಹಿಂದೆ ಸ್ಕ್ಯಾನಿಂಗ್, ಸ್ಕ್ಯಾನಿಂಗ್ ಹಿಂದೆ ಸೂಜಿ ಹಾಕಿ ತುಣುಕು ತೆಗೆಯುವುದು. ದಕ್ಷಿಣ ಕೊರಿಯಾದಲ್ಲಿ ಹೀಗೇ ಎಲ್ಲರ ಕುತ್ತಿಗೆಗೂ ಸ್ಕ್ಯಾನಿಂಗ್ ಶುರುವಾಗಿ, 1993ರಿಂದ 2011ರ ಹೊತ್ತಿಗೆ ಥೈರಾಯ್ಡ್ ಕ್ಯಾನ್ಸರ್ ಪತ್ತೆ 15 ಪಟ್ಟು ಏರಿತು. ಸಾವಿನ ಸಂಖ್ಯೆ ಮಾತ್ರ ಇದ್ದಲ್ಲೇ ಇತ್ತು. ಯಾವತ್ತೂ ತೊಂದರೆ ಕೊಡದಿದ್ದ ಗಡ್ಡೆಗಾಗಿ ಸಾವಿರಾರು ಜನ ಥೈರಾಯ್ಡ್ ತೆಗೆಸಿಕೊಂಡು ಜೀವನಪೂರ್ತಿ ಮಾತ್ರೆಗೆ ಬಿದ್ದರು.

30 ದಾಟಿದವರು ಬಿಪಿ, ಶುಗರ್ ನೋಡಿಸಿ. ಹೆಂಗಸರು ಗರ್ಭಕೋಶದ ಬಾಯಿಯ ಪರೀಕ್ಷೆ ಮಾಡಿಸಿ. ಎಲೆಅಡಿಕೆ, ಗುಟ್ಕಾ ಹಾಕುವವರು ಬಾಯಿ ತೆರೆದು ತೋರಿಸಿ. ಇದಿಷ್ಟೂ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ದುಡ್ಡಿಲ್ಲದೆ ಆಗುವಂಥದ್ದು.

ಪಿತ್ತಕೋಶದಲ್ಲಿ ಕಲ್ಲಿದೆಯಂತೆ, ನೋವೇನೂ ಇಲ್ಲ.

ನೋವು ಕೊಡದ ಕಲ್ಲನ್ನು ಸಾಮಾನ್ಯವಾಗಿ ಹಾಗೇ ಬಿಡುತ್ತಾರೆ. ನೋವು, ಕಾಮಾಲೆ, ಜ್ವರ ಬಂದರೆ ಆಪರೇಷನ್. ಕಿಡ್ನಿಯ 5 ಎಂ.ಎಂ. ಒಳಗಿನ ಕಲ್ಲು ಬಹುಪಾಲು ತಾನೇ ಹೋಗುತ್ತದೆ.

ಸರ್ಕಾರದ ಆರೋಗ್ಯ ಕಾರ್ಡ್ ಇದೆ, ದುಡ್ಡು ಸರ್ಕಾರದ್ದು. ಮಾಡಿಸಿಕೊಂಡರೆ ನಷ್ಟ ಏನು?

ದುಡ್ಡು ಸರ್ಕಾರದ್ದು, ಹೊಟ್ಟೆ ನಿಮ್ಮದು.

ಕಮಿಷನ್ ಅಂತಾರಲ್ಲ, ನಿಜಾನಾ?

ಇದೆ. ಊರಿನಿಂದ ಕರೆತಂದವನಿಗೆ, ಸ್ಕ್ಯಾನಿಂಗಿಗೆ ಚೀಟಿ ಕೊಟ್ಟವರಿಗೆ ಇಷ್ಟಿಷ್ಟು ಅಂತ ಹೋಗುವುದು ಕೌಂಟರ್ ಈಚೆ ನಿಂತ ನಮಗೆಲ್ಲಾ ಗೊತ್ತು. ರೋಗಿಯನ್ನು ಕಳಿಸಿದ್ದಕ್ಕೆ ದುಡ್ಡು ಕೊಡುವುದು, ತೆಗೆದುಕೊಳ್ಳುವುದು ಎರಡೂ ವೈದ್ಯಕೀಯ ಪರಿಷತ್ತಿನ 2002ರ ನಿಯಮಾವಳಿಯಲ್ಲೇ ನಿಷಿದ್ಧ. ಕಾಗದದ ಮೇಲೆ ನಿಷಿದ್ಧ. "ಇದೇ ಲ್ಯಾಬಿನಲ್ಲೇ ಮಾಡಿಸಬೇಕು" ಅಂತ ಒತ್ತಿ ಹೇಳಿದರೆ ಕಾರಣ ಕೇಳಿ. ಕೆಲವೊಮ್ಮೆ ನಿಜವಾದ ಕಾರಣ ಇರುತ್ತದೆ, ಆ ಲ್ಯಾಬಿನ ಫಲಿತಾಂಶದ ಮೇಲೆ ಅವರಿಗೆ ನಂಬಿಕೆ ಇರುತ್ತದೆ. ಕಮಿಷನ್ ಮುಟ್ಟದ, ಐವತ್ತು ರೂಪಾಯಿ ಫೀಸಿನಲ್ಲಿ ದಿನ ತೆಗೆಯುವ ಡಾಕ್ಟರುಗಳೂ ಇದೇ ಊರಿನಲ್ಲಿದ್ದಾರೆ. ಅವರ ಚೀಟಿಯಲ್ಲಿ ಎರಡೇ ಸಾಲು ಇರುತ್ತದೆ. ಜನ ಆ ಚೀಟಿ ನೋಡಿ "ಇಷ್ಟೇನಾ?" ಅನ್ನುತ್ತಾರೆ.

ಡಾಕ್ಟರನ್ನು ಕೇಳಿದರೆ ಸಿಟ್ಟಾಗುವುದಿಲ್ಲವಾ?

ಕೇಳುವ ರೀತಿ ಮೇಲೆ ಹೋಗುತ್ತದೆ. "ಗೂಗಲ್‌ನಲ್ಲಿ ಹೀಗಿದೆ" ಅಂತ ಶುರು ಮಾಡಿದರೆ ಯಾರಿಗಾದರೂ ಸಿಟ್ಟು ಬರುತ್ತದೆ. ನಾನು ಎಲ್ಲರಿಗೂ ಹೇಳಿಕೊಡುವುದು ಒಂದೇ ವಾಕ್ಯ: "ಸಾರ್, ಎಂಟು ದಿನ ಕಾದ್ರೆ ಏನಾಗುತ್ತೆ?" ಇದರಲ್ಲಿ ಅನುಮಾನ ಇಲ್ಲ, ಅವಮಾನ ಇಲ್ಲ. "ಕಾದರೆ ಅಪೆಂಡಿಕ್ಸ್ ಒಡೆಯುತ್ತೆ ಕಣಮ್ಮ" ಅಂತ ಉತ್ತರ ಬಂದರೆ ಅಲ್ಲಿಗೆ ಮಾತು ಮುಗಿಯಿತು. "ಏನೂ ಆಗಲ್ಲ, ಆದ್ರೂ..." ಅಂತ ಶುರುವಾದರೆ ಆ "ಆದ್ರೂ" ಆದಮೇಲಿನ ಮಾತನ್ನು ಕಿವಿಗೊಟ್ಟು ಕೇಳಿ. ಒಂದು ನಿಮಿಷವೂ ಉತ್ತರ ಕೊಡದೆ ಗದರಿದರೆ ಅದೂ ಒಂದು ಉತ್ತರವೇ.

ಇನ್ನೊಬ್ಬರನ್ನು ಕೇಳಬೇಕು ಅಂದರೆ ಎಲ್ಲಿಗೆ ಹೋಗಲಿ?

ಆಪರೇಷನ್ ಮಾಡಿದರೂ ಮಾಡದಿದ್ದರೂ ತನಗೆ ಒಂದೇ ಅನ್ನುವ ಡಾಕ್ಟರ ಹತ್ತಿರ. ಅಂದರೆ ಸಂಬಳದ ಮೇಲಿರುವವರು: ಜಿಲ್ಲಾಸ್ಪತ್ರೆ, ಇಲ್ಲವೇ ಮೆಡಿಕಲ್ ಕಾಲೇಜಿನ ಹೊರರೋಗಿ ವಿಭಾಗ. ಬೆಳಗ್ಗೆ ಬೇಗ ಹೋಗಿ. ಮೊದಲಿನವರು ಏನು ಹೇಳಿದರು ಅಂತ ಬಾಯಿ ಬಿಡುವ ಮೊದಲು ತೊಂದರೆ ಏನು ಅಂತ ಹೇಳಿ, ರಿಪೋರ್ಟನ್ನು ಆಮೇಲೆ ಕೊಡಿ. ಸಣ್ಣಪುಟ್ಟ ಸಂದೇಹಕ್ಕೆ 104 ಆರೋಗ್ಯ ಸಹಾಯವಾಣಿ ಇದೆ, ಸರ್ಕಾರದ ಇ-ಸಂಜೀವಿನಿಯಲ್ಲಿ ಫೋನಿನಲ್ಲೇ ಡಾಕ್ಟರ್ ಸಿಗುತ್ತಾರೆ, ಎರಡಕ್ಕೂ ದುಡ್ಡಿಲ್ಲ.

ಫೈಲ್ ಕೊಡುವುದಿಲ್ಲ ಅಂದರೆ?

ಬರವಣಿಗೆಯಲ್ಲಿ ಕೇಳಿ, ಒಂದು ಪ್ರತಿಗೆ ಸೀಲ್ ಹಾಕಿಸಿಕೊಳ್ಳಿ. ಕೇಳಿದ 72 ಗಂಟೆಯೊಳಗೆ ದಾಖಲೆ ಕೊಡಬೇಕು ಅನ್ನುವುದು ಅದೇ 2002ರ ನಿಯಮ. ಸ್ಕ್ಯಾನಿಂಗ್ ಫಿಲ್ಮ್, ಡಿಸ್ಚಾರ್ಜ್ ಸಮ್ಮರಿ, ಬಿಡಿಬಿಡಿ ಬಿಲ್ ಮೂರನ್ನೂ ಪ್ಲಾಸ್ಟಿಕ್ ಕವರಿನಲ್ಲಿಟ್ಟು ಟ್ರಂಕಿನಲ್ಲಿ ಇಡಿ. ಮೊಬೈಲಿನಲ್ಲಿ ಒಂದು ಫೋಟೋ ಇರಲಿ.

ದೂರು ಕೊಡಬೇಕು ಅಂದರೆ?

ಖಾಸಗಿ ಆಸ್ಪತ್ರೆಗಳ ಮೇಲೆ 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ ಇದೆ. 2017ರಲ್ಲಿ ಅದಕ್ಕೆ ತಿದ್ದುಪಡಿ ತರುವಾಗ ಡಾಕ್ಟರುಗಳೆಲ್ಲಾ ಕ್ಲಿನಿಕ್ ಮುಚ್ಚಿ ಮುಷ್ಕರ ಮಾಡಿದ್ದು ಹಲವರಿಗೆ ನೆನಪಿರಬಹುದು. ಅದರಡಿ ಜಿಲ್ಲಾಧಿಕಾರಿಯ ಅಧ್ಯಕ್ಷತೆಯಲ್ಲಿ ಕುಂದುಕೊರತೆ ಪ್ರಾಧಿಕಾರ ಇರುತ್ತದೆ, ಅರ್ಜಿಯನ್ನು ಜಿಲ್ಲಾ ಆರೋಗ್ಯಾಧಿಕಾರಿ ಕಚೇರಿಯಲ್ಲಿ ಕೊಡಬಹುದು. ದರಪಟ್ಟಿ ಕಾಣುವ ಹಾಗೆ ಹಾಕಬೇಕು, ತುರ್ತಿನಲ್ಲಿ ಮುಂಗಡ ಕಟ್ಟಿಲ್ಲ ಅಂತ ಚಿಕಿತ್ಸೆ ನಿಲ್ಲಿಸಬಾರದು, ಬಿಲ್ ಬಾಕಿ ಇದೆ ಅಂತ ಶವ ಹಿಡಿದಿಡಬಾರದು, ಇವೆಲ್ಲಾ ಆ ಕಾಯ್ದೆಯಲ್ಲಿವೆ. ಡಾಕ್ಟರ ನಡತೆಯ ಬಗ್ಗೆಯಾದರೆ ಬೆಂಗಳೂರಿನ ಕರ್ನಾಟಕ ವೈದ್ಯಕೀಯ ಪರಿಷತ್ತು. ಪರಿಹಾರ ಬೇಕು ಅಂದರೆ ಜಿಲ್ಲಾ ಗ್ರಾಹಕರ ಆಯೋಗ. ದುಡ್ಡು ಕೊಟ್ಟು ಪಡೆದ ಚಿಕಿತ್ಸೆ ಗ್ರಾಹಕ ಕಾನೂನಿನೊಳಗೆ ಬರುತ್ತದೆ ಅಂತ 1995ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಎರಡು ವರ್ಷದೊಳಗೆ ಹಾಕಬೇಕು. ನೀವು ಕಟ್ಟಿದ ಮೊತ್ತ 5 ಲಕ್ಷದ ಒಳಗಿದ್ದರೆ ಶುಲ್ಕ ಇಲ್ಲ, ವಕೀಲರೂ ಕಡ್ಡಾಯವಲ್ಲ.

ಗಾಜು ಒಡೆಯುವುದು, ನರ್ಸಮ್ಮನ ಮೇಲೆ ಕೈ ಮಾಡುವುದು ದೂರಲ್ಲ. ಅದಾದ ಮರುದಿನದಿಂದ ಆ ಡಾಕ್ಟರ್ ಪ್ರತಿ ತಲೆನೋವಿಗೂ ಸಿ.ಟಿ. ಸ್ಕ್ಯಾನ್ ಬರೆಯಲು ಶುರು ಮಾಡುತ್ತಾರೆ, ನಾಳೆ ಯಾರಾದರೂ ಕೇಳಿದರೆ ತೋರಿಸಲು ಇರಲಿ ಅಂತ.

ಹಾಗಾದರೆ ಯಾವುದಕ್ಕೆ ಕಾಯಲೇಬಾರದು?

ಎದೆ ಹಿಂಡುವ ನೋವು. ಮುಖ ಸೊಟ್ಟಗಾಗಿ, ಕೈ ಬಿದ್ದು, ಮಾತು ತೊದಲಿದರೆ ಲಕ್ವ, ನಾಲ್ಕೂವರೆ ಗಂಟೆಯೊಳಗೆ ತಲುಪಿದರೆ ಹೆಪ್ಪು ಕರಗಿಸುವ ಮದ್ದಿಗೆ ಅವಕಾಶ ಇದೆ. ಹಾವು ಕಡಿತ, ಮಂತ್ರ ಹಾಕಿಸುವ ಕಡೆ ಹೋಗಬೇಡಿ. ನಾಯಿ ಕಚ್ಚಿದರೆ ರೇಬೀಸ್ ಲಸಿಕೆ ಅದೇ ದಿನ, ಗಾಯವನ್ನು ಸೋಪು ನೀರಲ್ಲಿ ಹದಿನೈದು ನಿಮಿಷ ತೊಳೆದು. ಬಸುರಿಗೆ ರಕ್ತ ಹೋದರೆ, ಫಿಟ್ಸ್ ಬಂದರೆ. ಕೂಸು ಮೊಲೆ ಹಿಡಿಯದಿದ್ದರೆ, ಪಕ್ಕೆ ಒಳಗೆ ಎಳೆದುಕೊಂಡು ಉಸಿರಾಡಿದರೆ. 108ಕ್ಕೆ ಫೋನ್ ಮಾಡಿ. ಇಂಥ ಕಡೆ ನಮ್ಮ ಜನ ಮಾಡುವ ತಪ್ಪು ಬೇರೆ, ಬೇಕಾದ ಚಿಕಿತ್ಸೆಗೆ ತಡ ಮಾಡುವುದು. ಬಾಟ್ಲಿಗೆ ಮುಂದು, ಇದಕ್ಕೆ ಹಿಂದು.

ನೀನೂ ಗುಳಿಗೆ ಮಾರಿ ಬದುಕುವವನೇ ಅಲ್ಲವಾ?

ಹೌದು. ಮೊದಲ ಹತ್ತು ವರ್ಷ ನಾನೂ ಚೀಟಿ ಇಲ್ಲದೆ ಅಜಿತ್ರೋಮೈಸಿನ್ ಅನ್ನುವ ಆಂಟಿಬಯಾಟಿಕ್‌ನ ಮೂರರ ಸ್ಟ್ರಿಪ್ ಕತ್ತರಿಸಿ ಕೊಟ್ಟಿದ್ದೇನೆ. ನಾನು ಕೊಡದಿದ್ದರೆ ಎದುರಿನ ಅಂಗಡಿಯವನು ಕೊಡುತ್ತಾನೆ ಅನ್ನುವುದು ಆಗಿನ ಸಮಾಧಾನ. ಈಗ ಕೊಡುವುದಿಲ್ಲ, ಅದಕ್ಕೆ ವ್ಯಾಪಾರವೂ ಸ್ವಲ್ಪ ಇಳಿದಿದೆ.

ಮೊನ್ನೆ ಮೆಕ್ಕೆಜೋಳದ ಚೀಲ ದಲಾಲಿ ಮಂಡಿಗೆ ಹಾಕಿ ಬಂದ ಒಬ್ಬ ಅಜ್ಜ ಟವಲಿನಿಂದ ಮೂಗು ಒರೆಸಿಕೊಳ್ಳುತ್ತಾ ಕೌಂಟರಿಗೆ ಆತುಕೊಂಡ. "ತಮ್ಮಾ, ನೆಗಡಿ ಜ್ವರ. ಸ್ಟ್ರಾಂಗಾಗಿ ಎರಡು ಡೋಸ್ ಗುಳಿಗೆ ಕಟ್ಟು." ಬಿಪಿ, ಶುಗರ್ ಕೇಳಿದೆ, ಇಲ್ಲ ಅಂದ. ನಾಲ್ಕು ಪ್ಯಾರಾಸಿಟಮಾಲ್ ಕೊಟ್ಟು, ಬಿಸಿನೀರು ಕುಡಿ, ಮೂರು ದಿನಕ್ಕೆ ಬಿಡದಿದ್ದರೆ ಡಾಕ್ಟರಿಗೆ ತೋರಿಸು ಅಂದೆ. ಗುಳಿಗೆಯನ್ನು ತಿರುಗಿಸಿ ತಿರುಗಿಸಿ ನೋಡಿದ. "ಬರೇ ಇದಾ? ಇದರಾಗ ಏನ್ ಹೋಗುತ್ತೆ?" ದುಡ್ಡು ಕೊಟ್ಟು, ಗುಳಿಗೆ ಜೇಬಿಗಿಟ್ಟುಕೊಂಡು, ರಸ್ತೆ ದಾಟಿ ಎದುರಿನ ಅಂಗಡಿ ಮೆಟ್ಟಿಲು ಹತ್ತಿದ.